ಮಾಯಿಯ ಕೊರಳ ಸರ

"ಸರ ಎಲ್ಲಿ?"

ಕೇಳಿದವಳು ಪ್ರಿಸ್ಕಾ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಆಗಷ್ಟೇ ಕತ್ತರಿಸಿ ತೆಗೆದ ಬಾಡಿದ ಅಬ್ಬಲಿಗೆ ಮಾಲೆ. ಎದುರಿಗೆ ಮೇಜಿನ ಮೇಲೆ ಸಾಯ್ಬಿಣ್ ಮಾಯಿ, ಮೇರಿ ಮಾತೆಯ ವಿಗ್ರಹ — ನೀಲಿ ಮೇಲ್ವಸ್ತ್ರ, ಬೆಳ್ಳಿ ಕಿರೀಟ, ತೋಳಲ್ಲಿ ಕೂಸು. ಕೊರಳು ಬರಿದು.

ಶುಕ್ರವಾರ ಸಂಜೆ. ದಿನಕ್ಕೊಂದು ಮನೆಯಲ್ಲಿ ತಂಗುವ ಮಾಯಿ ನಮ್ಮ ಮನೆಯಿಂದ ಹೊರಟು ಪ್ರಿಸ್ಕಾಳ ಮನೆ ತಲುಪಿ ಇನ್ನೂ ಒಂದು ಹಾಡು ಮುಗಿದಿರಲಿಲ್ಲ. ಚಾವಡಿ ತುಂಬ ವಾಡೊದ ಜನ, ನಮ್ಮ ಕೇರಿಯವರೇ. ಎಲ್ಲರೂ ತಿರುಗಿ ನೋಡಿದ್ದು ನಮ್ಮಿಬ್ಬರನ್ನೇ — ನನ್ನನ್ನು, ಅಂದರೆ ಪಾಸ್ಕೋಲನನ್ನು, ಮತ್ತು ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಕ್ವಿತೇರಿಯಾಳನ್ನು.

"ನಾನು ಆಗಲೇ ಹೇಳಿದೆ, ಆ ಮಾಲೆ ಇರ್ಲಿ, ನಿನ್ನದು ಮೇಲೆ ಹಾಕು ಅಂತ," ಎಂದ ಹಿಲಾರಿಯೊ. ಅವನು ನಮ್ಮ ವಾಡೊದ ಮುಖಂಡ. ಮಾಯಿಯ ಒಡವೆ, ವಸ್ತ್ರ, ಮೆರವಣಿಗೆ ಎಲ್ಲ ಅವನ ಕೈಯಲ್ಲಿ.

"ಬಾಡಿದ್ದರ ಮೇಲೆ ಹೊಸದು ಹಾಕೋ ಪದ್ಧತಿ ನಮ್ಮ ಮನೇಲಿಲ್ಲ," ಪ್ರಿಸ್ಕಾ ಅಂದಳು. "ಅದಿರ್ಲಿ, ಸರ ಎಲ್ಲಿ?"

ಹಿಲಾರಿಯೊ ಗಂಟಲು ಸರಿಮಾಡಿಕೊಂಡ. "ನಿನ್ನೆ ಪಾಸ್ಕೋಲ್ ಬಾಬ್ ಮನೆ ಹೊಸ್ತಿಲಲ್ಲಿ ನಿಮ್ಮೆಲ್ಲರ ಎದುರಿಗೆ ನಾನೇ ಹಾಕಿದ್ದೆ. ಹೌದೋ ಅಲ್ಲವೋ?"

"ಹೌದು ಹೌದು," ಎಂದಿತು ಚಾವಡಿ.

"ಇವತ್ತು ಇಲ್ಲ. ನಡುವೆ ಮಾಯಿ ಇದ್ದದ್ದು ಒಂದೇ ಮನೇಲಿ." ಆಮೇಲೆ ಅವನು ನನ್ನ ಹೆಂಡತಿಯ ಕಡೆ ತಿರುಗಿ, ಹೊಲದಾಚೆಗೂ ಕೇಳುವ ದನಿಯಲ್ಲಿ ಕೇಳಿದ: "ಕ್ವಿತೇರಿಯಾ, ಸರ ಎಲ್ಲಿಟ್ಟೆ?"

ಇಟ್ಟೆ ಅಂತೆ. ಇಡೀ ಪ್ರಾಯ ದೊಡ್ಡಾಸ್ಪತ್ರೆಯಲ್ಲಿ ದಾದಿಯಾಗಿ, ಸತ್ತವರ ಬೆರಳಿಗೆ ಎಣ್ಣೆ ಹಚ್ಚಿ ಉಂಗುರ ಕಳಚಿ, ಒರೆಸಿ ಮನೆಯವರ ಕೈಗೆ ಕೊಟ್ಟವಳು ಅವಳು. ನನ್ನ ಕೈ ತಾನಾಗಿ ಮೇಲೆದ್ದಿತು. ಕ್ವಿತೇರಿಯಾ ನನ್ನ ಅಂಗಿಯ ತುದಿ ಹಿಡಿದೆಳೆದಳು.

"ಕೂತ್ಕೋ, ಪಾಸ್ಕೋಲ್. ಕೇಳ್ಲಿ ಬಿಡು."

ಕೇಳಿದ. ನಮ್ಮ ಒಂದು ವಾರದ ಬದುಕನ್ನು ಎಳೆದು ಹಾಕಿ, ಮೀನಿನ ಹೊಟ್ಟೆ ಸೀಳಿದ ಹಾಗೆ ಸೀಳಿದ.

"ಬುಧವಾರ ಪಣಜಿಗೆ ಹೋಗಿದ್ರಿ. ಎಲ್ಲಿಗೆ?"

"ಅಕ್ಕಸಾಲಿ ಹತ್ರ," ಎಂದೆ ನಾನು. ಸುಳ್ಳು ಹೇಳಲು ನನಗೇನು ದರ್ದು? ಆದರೆ ಹೇಳಿದ ಕೂಡಲೇ ಚಾವಡಿಯಲ್ಲಿ ಒಂದು ನಿಟ್ಟುಸಿರು ಎದ್ದಿತು. "ಕನ್ನಡಕ ಬೆಸೆಸೋಕೆ ಮಾರಾಯ್ರೇ. ಮಂಗಳವಾರ ಅದರ ಮೇಲೆ ಕೂತುಬಿಟ್ಟೆ. ಅಂಗಡಿಯವನು ಹೊಸದೇ ತಗೋ ಅಂದ. ಹಳೇ ಕಾಲದ ಕಡ್ಡಿ, ಅಕ್ಕಸಾಲಿ ಬಿಟ್ರೆ ಯಾರು ಬೆಸೀತಾರೆ?"

"ಇವತ್ತು ಮಾಯಿಯನ್ನ ಮನೇಲಿ ಒಂಟಿ ಬಿಟ್ಟು ಹೊರಗೆ ಹೋಗಿದ್ರಿ. ಹೌದಾ?"

"ಇವಳ ಕಾಲು ಕುಂಬಳಕಾಯಿ ಹಾಗೆ ಊದಿತ್ತು. ಡಾಕ್ಟರ್ ಹತ್ರ ಕರ್ಕೊಂಡು ಹೋದೆ."

"ಕೈಯಲ್ಲಿ ಚೀಲ ಇತ್ತಂತೆ."

"ಚೀಲದಲ್ಲಿ ಟವೆಲ್ ಇತ್ತು, ನಿನ್ನ ತಲೆ ಇತ್ತು."

ಯಾರೂ ನಗಲಿಲ್ಲ. ಹಿಲಾರಿಯೊ ಕೈಮುಗಿದು, ಅತಿ ದುಃಖ ಪಟ್ಟವನ ಮುಖ ಮಾಡಿಕೊಂಡು ತೀರ್ಪು ಕೊಟ್ಟ: "ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಸೇರೋಣ. ಇದು ತೀರೋವರೆಗೆ ಮಾಯಿ ಪ್ರಿಸ್ಕಾ ಮನೇಲೇ ಇರ್ಲಿ. ಅಷ್ಟರೊಳಗೆ ಸರ ಬಂದ್ರೆ ನಾವ್ಯಾರೂ ಏನೂ ಕೇಳೋದಿಲ್ಲ. ಬರ್ದೇ ಹೋದ್ರೆ, ಇನ್ಮೇಲೆ ಮಾಯಿ ಆ ಹೊಸ್ತಿಲು ದಾಟೋದಿಲ್ಲ."

ಕ್ವಿತೇರಿಯಾಳ ಮುಖ ಆಗ ಬಿಳಿಚಿಕೊಂಡಿತು. ನನಗೆ ಕನ್ನಡಕವಿಲ್ಲದೆಯೂ ಕಂಡಿತು.

ನಮಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬರುವ ನೆಂಟಳು ಮಾಯಿ ಒಬ್ಬಳೇ. ವರ್ಷಕ್ಕೊಮ್ಮೆ, ಒಂದು ಸಂಜೆಯಿಂದ ಮರುಸಂಜೆವರೆಗೆ. ಅದಕ್ಕಾಗಿ ಇವಳು ತಿಂಗಳ ಮುಂಚೆ ಗೋಡೆಗೆ ಸುಣ್ಣ ಹೊಡೆಸುತ್ತಾಳೆ, ಪರದೆ ಒಗೆಯುತ್ತಾಳೆ, ಬಂದವರಿಗೆ ಹಂಚುವ ಕಡಲೆಯನ್ನು ಒಂದೊಂದಾಗಿ ಆರಿಸುತ್ತಾಳೆ. ಆ ರಾತ್ರಿ ದೀಪಕ್ಕೆ ಎಣ್ಣೆ ಹಾಕುತ್ತ ಮಾಯಿಯ ಹತ್ತಿರ ಏನೇನೋ ಗೊಣಗುತ್ತಿರುತ್ತಾಳೆ, ನನ್ನ ಮೇಲಿನ ದೂರೂ ಇರಬೇಕು. ಅದನ್ನೇ ಕಿತ್ತುಕೊಳ್ಳುತ್ತೇನೆ ಅನ್ನುತ್ತಾನೆ ಈ ಮನುಷ್ಯ.

ಮನೆಗೆ ಬಂದ ಮೇಲೆ ನಾನು ಅಡುಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವಳು ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಪಾತ್ರೆ ಕಳ್ಳತನ ಮಾಡಿಲ್ಲ," ಅಂದಳು ಕೊನೆಗೆ. "ಬಾ ಇಲ್ಲಿ. ಈ ವಾರ ಏನೇನಾಯ್ತು, ಹೇಳು."

"ನಿಂಗೆ ಗೊತ್ತಿಲ್ವಾ?"

"ನಿನ್ನ ಬಾಯಿಂದ ಕೇಳ್ಬೇಕು. ಬೈಗುಳ ಬಿಟ್ಟು ಹೇಳು."

ಬೈಗುಳ ಬಿಟ್ಟು ಹೇಗೆ ಹೇಳುವುದು? ವಾರ ಶುರುವಾದದ್ದೇ ಬೈಗುಳದಿಂದ. ಸೋಮವಾರ ಬ್ಯಾಂಕಿಗೆ ಹೋಗಿದ್ದೆವು — ನವೆಂಬರ್ ಅಲ್ಲವೇ, ಪಿಂಚಣಿಯವರು ಬದುಕಿದ್ದೇವೆಂದು ತೋರಿಸಬೇಕು. ಅಲ್ಲಿನ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಜೀವನವಿಡೀ ಫೆರಿ ಬೋಟು ಓಡಿಸಿ ಗೆರೆಯೆಲ್ಲ ಸವೆದುಹೋದ ಬೆರಳು. "ನೀವು ಬದುಕಿದ್ದೀರಿ ಅಂತ ಬರ್ತಾ ಇಲ್ಲ ಅಂಕಲ್," ಎಂದಳು ಆ ಹುಡುಗಿ. ಸತ್ತವನು ಇಷ್ಟು ಜೋರಾಗಿ ಬೈಯುತ್ತಾನೇನಮ್ಮ, ಎಂದು ಕೇಳಿದೆ. ಮಂಗಳವಾರ ಕನ್ನಡಕ ಮುರಿಯಿತು. ಬುಧವಾರ ಪಣಜಿಯ ಅಕ್ಕಸಾಲಿ ಶನಿವಾರ ಬಾ ಎಂದ. ಹಿಂದಿರುಗುವಾಗ ಫೆರಿ. ಈಗಿನ ಹುಡುಗ ಹಲಗೆ ಇಳಿಸುವುದೆಂದರೆ ಶವಪೆಟ್ಟಿಗೆ ಇಳಿಸಿದ ಹಾಗೆ, ಧಡ್ ಎಂದು. ಕ್ವಿತೇರಿಯಾ ಜಾರಿದಳು, ಕಾಲು ಉಳುಕಿತು. ಹಾಗಾಗಿ ಗುರುವಾರ ಸಂಜೆ ಮಾಯಿ ನಮ್ಮ ಮನೆಗೆ ಬಂದಾಗ ಇವಳು ಒಳಗೆ ಕುರ್ಚಿಯಲ್ಲಿ, ಹೊಸ್ತಿಲಲ್ಲಿ ನಾನು ಕುರುಡ.

"ಹೊಸ್ತಿಲಲ್ಲಿ ಏನು ಕಂಡಿತು?"

"ದೀಪಗಳು. ನೀಲಿ. ಹಿಲಾರಿಯೊನ ಬೆನ್ನು. ಮಾಯಿಗೆ ಏನೋ ಹಾಕ್ತಿದ್ದ. ಕೆಂಪಗಿತ್ತು, ಅಬ್ಬಲಿಗೆ ಮಾಲೆ. ದಪ್ಪಗೆ ತೋಳಿನಷ್ಟಿತ್ತು, ಅವನೇ ತಂದಿದ್ದು."

"ಸರ?"

"ಹಾಕಿರ್ಬೇಕು. ಎಲ್ರೂ ಕಂಡಿದ್ದಾರಲ್ಲ."

"ಆಮೇಲೆ?"

"ಆಮೇಲೇನು, ಆ ಕುಡುಕ ಮೇಸ್ತನ ಕಥೆ."

ಇದನ್ನು ಹೇಳಲೇಬೇಕು. ಮಾಯಿ ನಮ್ಮಲ್ಲಿಗೆ ಬಂದದ್ದು ಫೆರ್ಮಿನಾಳ ಮನೆಯಿಂದ. ಫೆರ್ಮಿನಾಳ ಗಂಡ ಮಳೆಗಾಲದಲ್ಲಿ ತೀರಿಕೊಂಡ. ಸಾವಿನ ಮನೆಗೆ ಹೋಗುವಾಗ ಮಾಯಿ ಚಿನ್ನ ತೊಡುವುದಿಲ್ಲ, ಇದು ನಮ್ಮ ವಾಡೊದ ಪದ್ಧತಿ. ಬಾಗಿಲಲ್ಲೇ ಸರ ತೆಗೆಯುತ್ತಾರೆ, ಅದು ಒಂದು ದಿನ ಮುಖಂಡನ ಹತ್ತಿರವಿರುತ್ತದೆ, ಮುಂದಿನ ಮನೆಯ ಹೊಸ್ತಿಲಲ್ಲಿ ಮತ್ತೆ ಹಾಕುತ್ತಾರೆ. ಅಲ್ಲಿಯವರೆಗೆ ಪಿಟೀಲಿನಲ್ಲಿ ಅಳುವ ಹಾಡು, ಅಲ್ಲಿಂದ ಮುಂದೆ ನಗುವ ಹಾಡು. ನಮ್ಮ ಹೊಸ್ತಿಲಿಗೆ ಬಂದ ಮೇಲೂ ಪಿಟೀಲು ಬಾರಿಸುವ ಮೇಸ್ತ ತಿಯೊತೋನ್ ಆ ಅಳುವ ಹಾಡನ್ನೇ ಕೊಯ್ಯುತ್ತಿದ್ದ. ಮಾಯಿ ಒಳಗೆ ಬಂದರೂ ಅದೇ, ಪೀಠದಲ್ಲಿ ಕೂತರೂ ಅದೇ. ಜನ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ನನಗೆ ತಡೆಯಲಾಗಲಿಲ್ಲ. "ನಮ್ಮನೇಲಿ ಯಾರು ಸತ್ತಿದ್ದಾರೋ ಕುಡುಕ? ಪಿಟೀಲು ಕೆಳಗಿಡು," ಎಂದು ಎಲ್ಲರೆದುರು ಕೂಗಿದೆ. ಅವನು ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಕಡಲೆಯನ್ನೂ ಮುಟ್ಟದೆ, ಫೆನ್ನಿಯನ್ನೂ ಮುಟ್ಟದೆ ಹೋದ. ಶುಕ್ರವಾರ ಬರಲೇ ಇಲ್ಲ.

ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. "ಅವನೇ. ಮಾಯಿಯ ಪಕ್ಕದಲ್ಲೇ ನಿಂತಿದ್ದವನು ಅವನು. ಕಡಲೆ ಬಿಟ್ಟು ಓಡಿದ್ಯಾಕೆ? ಮಾರನೇ ದಿನ ಮುಖ ತೋರಿಸ್ಲಿಲ್ಲ ಯಾಕೆ?"

"ನೀನು ಕುಡುಕ ಅಂದಿದ್ದಕ್ಕೆ."

"ಕುಡುಕನನ್ನ ಕುಡುಕ ಅನ್ನದೆ ಪಾದ್ರಿ ಅನ್ಲಾ?"

ಯೋಚಿಸುವಾಗ ಕ್ವಿತೇರಿಯಾ ಯಾರದೋ ನಾಡಿ ಹಿಡಿದವಳ ಹಾಗೆ ತನ್ನದೇ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾಳೆ. ಹಾಗೆ ಹಿಡಿದುಕೊಂಡೇ ಮಲಗಲು ಹೋದಳು.

ಶನಿವಾರ ಬೆಳಿಗ್ಗೆ ಕನ್ನಡಕಕ್ಕೆ ಪಣಜಿಗೆ ಹೋಗಬೇಕಿತ್ತು. ಹೋಗಬೇಡ, ಅಕ್ಕಸಾಲಿಯ ಹತ್ತಿರ ಮತ್ತೆ ಹೋದ ಎನ್ನುತ್ತಾರೆ ಎಂದು ಹಿತ ಹೇಳಿದವರು ಮೂವರು. ಹೋದೆ. ಎದೆ ಸೆಟೆಸಿ, ಬೇಕೆಂದೇ ಫೆರಿಯ ಮುಂದಿನ ಕಟಕಟೆ ಹಿಡಿದು ನಿಂತು ಹೋದೆ. ನಾನು ಇಪ್ಪತ್ತು ಸಾವಿರ ಸಲವಾದರೂ ದಾಟಿಸಿದ ಜನ ಅವರು, ಅವರಪ್ಪಂದಿರು. ಒಬ್ಬರೂ ನನ್ನ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಹಿಂದಿರುಗುವಾಗ ಮೀನಿನವಳು ಬಂಗಡೆ ಕಟ್ಟಿಕೊಡುತ್ತ, "ಇನ್ಮೇಲೆ ನಿಮಗೆ ಬಂಗಡೆ ಯಾಕೆ ಪಾಸ್ಕೋಲ್ ಬಾಬ್, ಅಂಜಲ್ ತಗೊಳ್ಳಿ," ಎಂದು ಹಲ್ಲು ಕಿರಿದಳು. ಬಂಗಡೆಯನ್ನು ಅವಳ ಬುಟ್ಟಿಗೇ ಎಸೆದು ಬಂದೆ.

ಆ ಮಧ್ಯಾಹ್ನ ಊಟಕ್ಕೆ ಮೀನಿರಲಿಲ್ಲ. ಕ್ವಿತೇರಿಯಾ ಗಂಜಿ ಉಂಡು, ನನ್ನ ಕೊಡೆಯನ್ನು ಊರುಗೋಲು ಮಾಡಿಕೊಂಡು ಎದ್ದಳು. "ನಡಿ. ಬಾಯಿ ನಾನು ತೆಗೀತೀನಿ. ನೀನು ಮುಚ್ಕೊಂಡಿರು."

ಮೊದಲು ಪ್ರಿಸ್ಕಾಳ ಮನೆ. ಅವಳು ಬಾಗಿಲಲ್ಲೇ ಗರಂ ಆದಳು. "ನನ್ನ ಮೇಲೆ ಹೊರಿಸೋಕೆ ಬಂದ್ರಾ? ಎಲ್ಲರ ಕಣ್ಣೆದುರಿಗೆ ಮಾಲೆ ಕತ್ತರಿಸಿದ್ದೇನೆ."

"ನಿನ್ನ ಮೇಲೆ ಅನುಮಾನ ಇದ್ರೆ ನಿನ್ನ ಮನೆ ಕುರ್ಚೀಲಿ ಕೂರ್ತಿದ್ನಾ?" ಕ್ವಿತೇರಿಯಾ ಕೂತೇಬಿಟ್ಟಳು. "ಮಾಲೆ ಕತ್ತರಿಸಿದ್ದು ಯಾಕೆ? ಬಿಚ್ಚೋಕಾಗ್ಲಿಲ್ವಾ?"

"ಹಿಂದುಗಡೆ ದಾರದಲ್ಲಿ ಬಿಗಿಯಾಗಿ ಗಂಟು ಹಾಕಿತ್ತು."

"ಗುರುವಾರ ನಮ್ಮ ಹೊಸ್ತಿಲಲ್ಲಿ ಸರ ನೋಡಿದ್ಯಾ?"

"ನೋಡ್ದೆ. ಥಳಥಳ ಅಂತಿತ್ತು."

"ಬುಧವಾರ ಫೆರ್ಮಿನಾ ಮನೇಲಿ ಪ್ರಾರ್ಥನೆಗೆ ಬಂದಿದ್ಯಲ್ಲ? ಅಲ್ಲಿ?"

"ಅಲ್ಲೂ ಇತ್ತು ಮಾರಾಯ್ತಿ. ಆ ಬಿಳಿ ಹೂವಿನ ಮೇಲೆ ಎಷ್ಟು ಚೆಂದ ಕಾಣ್ತಿತ್ತು."

ನಾನು ಬಾಯಿ ತೆರೆದೆ. ಕ್ವಿತೇರಿಯಾ ಕೊಡೆಯ ತುದಿಯಿಂದ ನನ್ನ ಕಾಲನ್ನು ಒತ್ತಿದಳು. "ಹಿಲಾರಿಯೊ ಮಗಳ ಮದುವೆ ಗೊತ್ತಾಯ್ತಂತಲ್ಲ?" ಎಂದು ಮಾತು ಬದಲಾಯಿಸಿದಳು.

ಪ್ರಿಸ್ಕಾಳಿಗೆ ಇದಕ್ಕಿಂತ ಸಿಹಿಯಾದ ವಿಷಯವಿಲ್ಲ. "ಲವೀನಾದಾ? ಬುಧವಾರ ರಾತ್ರಿಯೇ ಮಾತಾಯ್ತು. ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಹಿಲಾರಿಯೊ ಅದಕ್ಕೇ ಓಡಿದ್ದು. ಗಂಡಿನವರು ದಕ್ಷಿಣದ ಕಡೆಯವರು, ದೊಡ್ಡ ಜನ. ಹುಡುಗೀನ ಪೀಠದ ಹಾಗೆ ಶೃಂಗಾರ ಮಾಡಿ ಕೂರಿಸಿದ್ರಂತೆ. ಅತ್ತೆಗೆ ಎಷ್ಟು ಹಿಡಿಸ್ತು ಅಂದ್ರೆ, ಅದೇ ರಾತ್ರಿ ತಮ್ಮೂರ ಹಬ್ಬಕ್ಕೆ ಅಂತ ಕಾರಲ್ಲಿ ಕೂರಿಸ್ಕೊಂಡು ಹೋದ್ರು. ಭಾನುವಾರ ಸಂಜೆ ಕಳಿಸ್ತಾರೆ."

ಹೊರಗೆ ಬಂದ ಕೂಡಲೇ ನಾನು ಸಿಡಿದೆ. "ಫೆರ್ಮಿನಾ ಮನೇಲಿ ಸರ ಎಲ್ಲಿತ್ತು? ಸಾವಿನ ಮನೆ ಅದು. ಸುಳ್ಳಿ."

"ಸುಳ್ಳಲ್ಲ. ಪ್ರತಿ ವರ್ಷ ನೋಡ್ತಾಳೆ, ಅದಕ್ಕೇ ಈ ವರ್ಷವೂ ನೋಡಿದ್ದಾಳೆ. ರೋಗಿಗಳೂ ಹಾಗೆಯೇ, ದಿನಾ ಬರೋ ನೋವು ಇವತ್ತು ಬರದಿದ್ರೂ ಬಂತು ಅಂತಾರೆ. ಫೆರ್ಮಿನಾ ಮನೇಲಿ ಇಲ್ಲದ ಸರ ಕಂಡವಳ ಕಣ್ಣಿಗೆ ನಮ್ಮ ಮನೇಲಿ ಕಂಡಿದ್ದು ಏನು ಗ್ಯಾರಂಟಿ?"

ಫೆರ್ಮಿನಾ ಕಪ್ಪು ಸೀರೆಯುಟ್ಟು ಅಂಗಳದಲ್ಲಿ ಹುಳಿ ಒಣಹಾಕುತ್ತಿದ್ದಳು. ನಮ್ಮನ್ನು ಕಂಡು ಕಣ್ಣು ತುಂಬಿಕೊಂಡಳು. "ನಾನು ಅವರ ಮಾತು ನಂಬಿಲ್ಲ ಕ್ವಿತೇರಿಯಾ ಬಾಯ್."

"ನಂಬಿಲ್ಲ ಅಂತ ಚಾವಡಿಯಲ್ಲಿ ಹೇಳ್ಬಾರ್ದಿತ್ತೇನಮ್ಮ," ಎಂದುಬಿಟ್ಟೆ.

"ಪಾಸ್ಕೋಲ್." ಕ್ವಿತೇರಿಯಾ ನನ್ನತ್ತ ನೋಡದೆಯೇ ಗದರಿದಳು. "ಫೆರ್ಮಿನಾ, ಬುಧವಾರ ನಿನ್ನ ಬಾಗಿಲಲ್ಲಿ ಸರ ತೆಗೆದದ್ದು ಹೇಗೆ?"

"ಹಿಲಾರಿಯೊ ಬಾಬ್ ತೆಗೆದ್ರು. ಅದಕ್ಕೆ ಕೊಕ್ಕೆ ಇಲ್ವಲ್ಲ, ತಲೆ ಮೇಲಿಂದಲೇ ಬರ್ಬೇಕು. ಕಿರೀಟ ತೆಗೆದು ನನ್ನ ಕೈಗೆ ಕೊಟ್ರು, ಹಿಡ್ಕೋ ಅಂತ. ಆಮೇಲೆ ಸರಾನ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ್ರು."

"ಗುರುವಾರ ಮೇಸ್ತ ತಿಯೊತೋನ್ ನಿನ್ನ ಮನೆಗೆ ಯಾವಾಗ ಬಂದ?"

"ಊಟ ಆದ ಕೂಡಲೇ. ನನ್ನ ಗಂಡನ ಗೆಳೆಯ ಅಲ್ವಾ, ಇಡೀ ಮಧ್ಯಾಹ್ನ ಅವರ ಕುರ್ಚಿ ಪಕ್ಕ ಕೂತಿದ್ರು, ಪಾಪ. ಮೆರವಣಿಗೆ ಹೊರಡೋವರೆಗೂ ಎದ್ದಿಲ್ಲ."

"ಏನು ಕೊಟ್ಟೆ?"

"ಕಪ್ಪು ಚಹಾ. ಈ ಮನೇಲಿ ವರ್ಷ ತುಂಬೋವರೆಗೆ ಇನ್ನೇನು ಕೊಡ್ತಾರೆ?"

ದಾರಿಯಲ್ಲಿ ಕ್ವಿತೇರಿಯಾ ನಿಂತಳು. "ಈಗ ಮೇಸ್ತನ ಮನೆ. ನೀನು ತಪ್ಪಾಯ್ತು ಅಂತ ಕೇಳ್ಬೇಕು."

"ಯಾವ ತಪ್ಪಿಗೆ?"

"ಅವನು ಕುಡಿದಿರ್ಲಿಲ್ಲ."

"ಜೀವಮಾನದಲ್ಲಿ ಒಂದು ದಿನ ಕುಡಿಯದೇ ಇದ್ದ, ಅದಕ್ಕೆ ನಾನು ಕಾಲು ಹಿಡೀಲಾ?"

"ಕಾಲು ಬೇಡ, ಬಾಯಿ ಸಾಕು. ಈ ಊರಲ್ಲಿ ಗುರುವಾರ ಸಂಜೆ ಕಣ್ಣು ಬಿಟ್ಟುಕೊಂಡಿದ್ದವನು ಅವನೊಬ್ಬನೇ. ಅವನ ಬಾಯಿ ಹೊಲಿದಿದ್ದು ನೀನು. ಮಾಯಿ ಮನೆಗೆ ಬರ್ಬೇಕೋ ಬೇಡ್ವೋ?"

ಅವಳ ದನಿ ಅಲ್ಲಿ ಒಡೆಯಿತು. ಅದಕ್ಕಿಂತ ದೊಡ್ಡ ಬೈಗುಳ ನನಗೆ ಬೇಕಿರಲಿಲ್ಲ.

ಮೇಸ್ತ ಬಾಗಿಲು ತೆರೆಯಲಿಲ್ಲ. ಕಿಟಕಿಯ ಒಂದು ಹಲಗೆ ಸರಿಸಿ, "ಇಲ್ಲಿ ಕುಡುಕರಿದ್ದಾರೆ, ಮರ್ಯಾದಸ್ಥರು ಬರ್ಬಾರ್ದು," ಎಂದ. ಬೀದಿಯಲ್ಲಿ ನಿಂತು, ಕ್ಯಾಪು ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು ತಪ್ಪಾಯ್ತು ಎಂದೆ. ಕೇಳಲಿಲ್ಲ ಎಂದ. ಮತ್ತೊಮ್ಮೆ ಹೇಳಿದೆ. ಬಾಗಿಲು ತೆರೆದು ಕ್ವಿತೇರಿಯಾಳನ್ನು ಮಾತ್ರ ಒಳಗೆ ಬಿಟ್ಟು, ನನ್ನ ಮೂಗಿನೆದುರಿಗೇ ಹಾಕಿಕೊಂಡ. ಜಗಲಿಯಲ್ಲಿ ಕೂತು ನಾನು ನೊಣ ಓಡಿಸಿದೆ. ಒಳಗಿನಿಂದ ಪಿಟೀಲಿನ ಎರಡು ಗೆರೆ ಕೇಳಿಸಿತು, ಮೊದಲು ಅಳುವುದು, ಆಮೇಲೆ ನಗುವುದು. ಅವಳು ಹೊರಗೆ ಬಂದಾಗ ಮುಖ ಬಿಗಿದಿತ್ತು.

"ಯಾರು?" ಎಂದೆ.

"ನಾಳೆ."

"ನಂಗೆ ಹೇಳೋಕೇನು?"

"ನಿಂಗೆ ಹೇಳಿದ್ರೆ ನೀನು ಇವತ್ತೇ ಹೋಗಿ ಅವನ ಹಲ್ಲು ಉದುರಿಸ್ತೀಯ. ನಂಗೆ ಹಲ್ಲು ಬೇಡ, ಮಾತು ಬೇಕು."

ಭಾನುವಾರ ಇಗರ್ಜಿಯ ಅಂಗಳದಲ್ಲಿ ಬಲಿಪೂಜೆ ಮುಗಿಸಿ ಬಂದ ಜನ ಮಾವಿನ ಮರದಡಿ ಅರ್ಧ ಸುತ್ತಾಗಿ ನಿಂತರು. ಹಿಲಾರಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಪಾದ್ರಿಗಳು ಮೆಟ್ಟಿಲ ಮೇಲೆ. ಮೇಸ್ತ ತಿಯೊತೋನ್ ಕೊನೆಯಲ್ಲಿ, ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು.

"ಸರ ಬಂತಾ?" ಹಿಲಾರಿಯೊ ಕೇಳಿದ.

"ಇಲ್ಲ," ಎಂದಳು ಕ್ವಿತೇರಿಯಾ. "ಅದು ನಮ್ಮ ಮನೆಗೆ ಬಂದೇ ಇರ್ಲಿಲ್ಲ."

ಗುಜುಗುಜು ಎದ್ದಿತು. ಅವಳು ಕೊಡೆಯನ್ನು ನೆಲಕ್ಕೂರಿ ಅದು ನಿಲ್ಲುವವರೆಗೆ ಕಾದಳು.

"ಗುರುವಾರ ನಮ್ಮ ಮನೇಲಿ ಮೇಸ್ತ ಯಾವ ಹಾಡು ಬಾರಿಸಿದ?"

"ಅಳೋ ಹಾಡು," ಯಾರೋ ನಕ್ಕರು. "ಕುಡಿದ ಮತ್ತಲ್ಲಿ ಬದಲಾಯಿಸೋದು ಮರೆತ."

"ಮತ್ತು ಎಲ್ಲಿಂದ ಬಂತು? ಮಧ್ಯಾಹ್ನದಿಂದ ಫೆರ್ಮಿನಾ ಮನೇಲಿ ಕೂತಿದ್ದ. ಫೆರ್ಮಿನಾ, ಏನು ಕೊಟ್ಟೆ?"

"ಕಪ್ಪು ಚಹಾ," ಎಂದಳು ಫೆರ್ಮಿನಾ. ಈ ಸಲ ಎಲ್ಲರಿಗೂ ಕೇಳುವ ಹಾಗೆ.

"ಸಾವಿನ ಮನೇಲಿ ಫೆನ್ನಿ ಕೊಡೋದಿಲ್ಲ ಅಂತ ನಮಗೆಲ್ಲ ಗೊತ್ತು. ಆದ್ರೂ ಅವನು ಕುಡಿದಿದ್ದಾನೆ ಅಂದ್ಕೊಂಡು ನಕ್ಕೆವು. ನನ್ನ ಗಂಡ ಬೈದ. ಒಬ್ರೂ ಕೇಳ್ಲಿಲ್ಲ, ಕುಡಿಯದ ಮೇಸ್ತ ಹಾಡು ಯಾಕೆ ಬದಲಾಯಿಸ್ಲಿಲ್ಲ ಅಂತ. ಈಗ ನಾನು ಕೇಳ್ತಿದ್ದೀನಿ. ಯಾಕೆ ಮೇಸ್ತ?"

ತಿಯೊತೋನ್ ನನ್ನನ್ನೇ ದುರುಗುಟ್ಟಿ ನೋಡುತ್ತ ಹೇಳಿದ: "ಚಿನ್ನ ಕೊರಳಿಗೆ ಬಿದ್ದ ಮೇಲೆ ನಗೋ ಹಾಡು. ನಮ್ಮಪ್ಪ ಕಲಿಸಿದ್ದು ಅದೇ. ಚಿನ್ನ ಬೀಳೋದನ್ನೇ ಕಾಯ್ತಾ ಮಾಯಿ ಪಕ್ಕ ನಿಂತಿದ್ದೆ. ಬೀಳ್ಲಿಲ್ಲ. ಹೂವು ಬಿತ್ತು. ಇವರ ಕಡೆ ಯಾರೋ ತೀರ್ಕೊಂಡಿರ್ಬೇಕು, ನಂಗೆ ಗೊತ್ತಿಲ್ಲ ಅಂದ್ಕೊಂಡು ಅಳೋ ಹಾಡೇ ಬಾರಿಸಿದೆ. ಆಮೇಲೆ ಈ ದೊಡ್ಡ ಮನುಷ್ಯ ಬಾಯಿಗೆ ಬಂದ ಹಾಗೆ ಮಾತಾಡಿದ."

"ಸುಳ್ಳು," ಎಂದ ಹಿಲಾರಿಯೊ. "ಕುಡುಕನ ಪಿಟೀಲು ಸಾಕ್ಷಿಯಾ? ಇಷ್ಟು ಜನ ಕಣ್ಣಾರೆ ಕಂಡಿದ್ದಾರೆ."

"ಕಣ್ಣು ಬಿಡು. ಪ್ರಿಸ್ಕಾ ಆ ಸರಾನ ಫೆರ್ಮಿನಾ ಮನೇಲೂ ಕಂಡಿದ್ದಾಳೆ." ಪ್ರಿಸ್ಕಾ ಬಾಯಿ ತೆರೆದು, ಯೋಚಿಸಿ, ಮುಚ್ಚಿಕೊಂಡಳು. "ಕಣ್ಣಿನ ಮಾತು ಬೇಡ, ಕೈಯ ಮಾತು ಆಡೋಣ. ಆ ಸರಕ್ಕೆ ಕೊಕ್ಕೆ ಇಲ್ಲ. ಹಾಕ್ಬೇಕಾದ್ರೆ ಕಿರೀಟ ತೆಗೀಬೇಕು. ಒಬ್ರು ಸರ ಹಾಕ್ಬೇಕು, ಒಬ್ರು ಕಿರೀಟ ಹಿಡೀಬೇಕು. ಫೆರ್ಮಿನಾ ಬಾಗಿಲಲ್ಲಿ ಫೆರ್ಮಿನಾ ಹಿಡಿದ್ಲು. ನಮ್ಮ ಬಾಗಿಲಲ್ಲಿ ಕಿರೀಟ ಹಿಡಿದವರು ಯಾರು?"

ಮೆರವಣಿಗೆಯಲ್ಲಿ ಮಾಯಿಗೆ ಹೆಗಲು ಕೊಟ್ಟಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರಿಸ್ಕಾ ತನ್ನ ಪಕ್ಕದವಳನ್ನು ನೋಡಿದಳು, ಪಕ್ಕದವಳು ಇನ್ನೊಬ್ಬಳನ್ನು.

"ಪಾಸ್ಕೋಲ್, ನೀನು ಹಿಡಿದ್ಯಾ?"

"ಇಲ್ಲ," ಎಂದೆ. ಮನೆಯ ಯಜಮಾನ ನಾನು, ಅವನ ಪಕ್ಕದಲ್ಲೇ ನಿಂತಿದ್ದವನು. ಹಿಡಿಯಬೇಕಾದವನೇ ನಾನು. ಕಣ್ಣು ಕಾಣದಿದ್ದರೇನು, ಕೈಗೆ ಕನ್ನಡಕ ಬೇಕೇ? ನನ್ನ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ.

"ನಾನೇ ಒಬ್ಬನೇ ಹಾಕಿದೆ," ಎಂದ ಹಿಲಾರಿಯೊ. ದನಿ ತಗ್ಗಿತ್ತು.

"ಹಾಗಾದ್ರೆ ಕಿರೀಟ ಎಲ್ಲಿಟ್ಟೆ? ನೆಲದ ಮೇಲಾ?"

ಎಂಥ ಪ್ರಶ್ನೆ ಅದು. ಮಾಯಿಯ ಕಿರೀಟವನ್ನು ನೆಲಕ್ಕಿಟ್ಟೆ ಎಂದು ನಮ್ಮ ದ್ವೀಪದಲ್ಲಿ ಕೊಲೆಗಾರನೂ ಹೇಳಲಾರ.

"ನೀನು ಹಾಕಿದ್ದು ಹೂವು ಮಾತ್ರ," ಎಂದಳು ಕ್ವಿತೇರಿಯಾ. "ಬರೀ ಕೊರಳು ಕಾಣ್ಬಾರ್ದು ಅಂತ ತೋಳಿನಷ್ಟು ದಪ್ಪ ಮಾಲೆ ತಂದೆ. ಕಿರೀಟ ಮುಟ್ಟದೆ ಹಿಂದುಗಡೆ ಗಂಟು ಹಾಕಿದೆ. ಶುಕ್ರವಾರ ಪ್ರಿಸ್ಕಾ ಕತ್ತರಿ ತಂದಾಗ, ಬಾಡಿದ ಮಾಲೆ ಇರ್ಲಿ, ಮೇಲೆ ಹಾಕು ಅಂದೆ. ಅದನ್ನ ಯಾರೂ ಗಮನಿಸ್ಲಿಲ್ಲ. ಬುಧವಾರ ಸಂಜೆ ಸರ ನಿನ್ನ ಜೇಬಿಗೆ ಹೋಯ್ತು, ಆಮೇಲೆ ಮಾಯಿ ಕೊರಳಿಗೆ ಬರ್ಲೇ ಇಲ್ಲ. ಅದೇ ರಾತ್ರಿ ನಿನ್ನ ಮನೆಗೆ ಗಂಡಿನವರು ಬಂದ್ರು. ಪೀಠದ ಹಾಗೆ ಶೃಂಗಾರ ಮಾಡಿದ್ರು ಅಂತ ಊರೆಲ್ಲ ಹೇಳ್ತಿದೆ. ಹಿಲಾರಿಯೊ, ಲವೀನಾ ಕೊರಳಲ್ಲಿರೋದು ಯಾರ ಸರ?"

ಅವನು ಮಾವಿನ ಬೇರಿನ ಮೇಲೆ ಕುಸಿದು ಕೂತ.

"ಒಂದು ರಾತ್ರಿಗೆ ಅಂತ ಹಾಕಿಸಿದೆ," ಎಂದ ನೆಲಕ್ಕೆ. "ಅವರು ದೊಡ್ಡ ಜನ. ಹುಡುಗಿ ಬರೀ ಕೊರಳಲ್ಲಿ ಕೂತ್ರೆ ಏನಂದ್ಕೋತಾರೆ? ಗುರುವಾರದೊಳಗೆ ವಾಪಸ್ ಹಾಕೋಣ ಅಂತಿದ್ದೆ. ಅವರು ಅದೇ ರಾತ್ರಿ ಕರ್ಕೊಂಡು ಹೋಗ್ತಾರೆ ಅಂತ ನಂಗೇನು ಗೊತ್ತು? ಅವರೆದುರು ಕಳಚು ಅನ್ನೋದು ಹೇಗೆ? ಇವತ್ತು ಸಂಜೆ ಬಂದ ಕೂಡಲೇ ಹಾಕ್ತಿದ್ದೆ. ಕದ್ದಿಲ್ಲ, ದೇವರಾಣೆ."

"ಕದ್ದಿದ್ರೆ ಕ್ಷಮಿಸ್ತಿದ್ದೆ," ಎಂದಳು ಕ್ವಿತೇರಿಯಾ. ಮೂರು ದಿನದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಕೇಳಿತು. "ಸರ ಎಲ್ಲಿದೆ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಖ ನೋಡಿ, ಎಲ್ಲಿಟ್ಟೆ ಅಂತ ಕೇಳಿದೆ. ನಾವು ಪಣಜಿಗೆ ಹೋದದ್ದು, ಕನ್ನಡಕ ಮುರಿದದ್ದು, ಕಾಲು ಉಳುಕಿದ್ದು, ಎಲ್ಲಾನೂ ಕಳ್ಳತನಕ್ಕೆ ಸಾಕ್ಷಿ ಮಾಡಿದೆ. ಮಾಯಿ ನನ್ನ ಹೊಸ್ತಿಲು ದಾಟೋದಿಲ್ಲ ಅಂದೆ. ನೀನು ಯಾರು ಹೇಳೋಕೆ?"

ಪಾದ್ರಿಗಳು ಮೆಟ್ಟಿಲಿಳಿದು ಬಂದರು. ಮೆಲ್ಲಗಿನ ಮನುಷ್ಯ. "ಕ್ವಿತೇರಿಯಾ ಬಾಯ್, ಸತ್ಯ ಹೊರಗೆ ಬಂತಲ್ಲ. ಮಗಳ ಮದುವೆ ಇದೆ. ಗಂಡಿನವರ ಕಿವಿಗೆ ಬೀಳೋದು ಬೇಡ. ಸರ ಸಿಕ್ಕಿತು ಅಂತ ಹೇಳಿ ಮುಗಿಸೋಣ. ನಾಳೆ ಸಂಜೆ ಮಾಯಿ ಮತ್ತೆ ನಿಮ್ಮ ಮನೆಗೆ ಬರ್ಲಿ."

ಜನ ತಲೆಯಾಡಿಸಿದರು. ಶುಕ್ರವಾರ ಹೌದು ಹೌದು ಎಂದದ್ದೂ ಇದೇ ತಲೆಗಳು.

"ಮಾಯಿ ಬರ್ಲಿ," ಎಂದಳು ಕ್ವಿತೇರಿಯಾ. "ಮದುವೇನೂ ಆಗ್ಲಿ, ಹುಡುಗಿ ತಪ್ಪೇನಿಲ್ಲ. ದಕ್ಷಿಣದವರಿಗೆ ಯಾರೂ ಹೇಳೋದು ಬೇಡ. ಆದ್ರೆ ಈ ವಾಡೊದಲ್ಲಿ ನನ್ನ ಹೆಸರು ಮನೆಮನೆಗೂ ಹೋಗಿದೆ, ಮೀನಿನ ಬುಟ್ಟಿವರೆಗೂ ಹೋಗಿದೆ. ಮಾಯಿ ಬರೋಕೆ ಮುಂಚೆ ಇವನು ಮನೆಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಸರ ತೆಗೆದದ್ದು ನಾನು ಅಂತ ಹೇಳ್ಬೇಕು. ಇಷ್ಟೇ."

"ಇಷ್ಟೇ," ಎಂದ ಮೇಸ್ತ ತಿಯೊತೋನ್, ಪೆಟ್ಟಿಗೆಯ ಮೇಲೆ ತಾಳ ಹಾಕಿದ ಹಾಗೆ ತಟ್ಟಿ. ಪಾದ್ರಿಗಳು ಮೆಟ್ಟಿಲು ಹತ್ತಿ ಒಳಗೆ ಹೋದರು.

ಸೋಮವಾರ ಮಧ್ಯಾಹ್ನದಿಂದ ಹಿಲಾರಿಯೊ ಹೊರಟ. ನಾನು ಜಗಲಿಯಲ್ಲಿ ಕೂತು, ಬೆಸೆದ ಕನ್ನಡಕದಲ್ಲಿ ಚೆನ್ನಾಗಿ ನೋಡಿದೆ. ಒಂದೊಂದು ಬಾಗಿಲಲ್ಲಿ ನಿಲ್ಲುತ್ತಿದ್ದ, ತಲೆ ತಗ್ಗಿಸಿ ಏನೋ ಹೇಳುತ್ತಿದ್ದ, ಮುಂದೆ ಹೋಗುತ್ತಿದ್ದ. ಕೆಲವರು ಕೂರಿಸಿ ನೀರು ಕೊಟ್ಟರು. ನನಗೆ ಅದನ್ನು ಕಂಡೂ ಸಿಟ್ಟು ಬಂತು. ನಮಗೆ ಶುಕ್ರವಾರ ಯಾರೂ ನೀರು ಕೊಟ್ಟಿರಲಿಲ್ಲ.

ನಮ್ಮ ಮನೆಗೆ ಕೊನೆಗೆ ಬಂದ. ಮಾಯಿ ಪ್ರಿಸ್ಕಾಳ ಮನೆಯಿಂದ ಹೊರಡುವ ಹೊತ್ತಾಗಿತ್ತು, ಮೆರವಣಿಗೆಯ ಜನ ಆಗಲೇ ಬೀದಿಯಲ್ಲಿ ಕೂಡಿದ್ದರು. ಅವನು ಅವರ ಕಡೆಗೊಮ್ಮೆ ನೋಡಿ, ಅಂಗಳದಲ್ಲಿ ನಿಂತು, ಬಾಯೊಳಗೇ ಹೇಳಿದ:

"ಸರ ತೆಗೆದದ್ದು ನಾನು. ಕ್ವಿತೇರಿಯಾ ಬಾಯ್ ಅಲ್ಲ."

ಕ್ವಿತೇರಿಯಾ ಕಡಲೆಯ ಪಾತ್ರೆ ಕೆಳಗಿಟ್ಟು, ಕುಂಟುತ್ತ ಬಾಗಿಲಿಗೆ ಬಂದಳು.

"ಪ್ರಿಸ್ಕಾ ಮನೇಲಿ ನನ್ನ ಹೆಸರು ಎಷ್ಟು ಜೋರಾಗಿ ಹೇಳಿದ್ಯೋ," ಎಂದಳು, "ಅಷ್ಟು ಜೋರಾಗಿ ಹೇಳು."